ಹರಿಣಾಕ್ಷಿಗೆ ಹೇಳಿದ ಹೆಸರು

ಬಂಟ್ವಾಳ ಪೇಟೆಯಲ್ಲಿ ನುಸ್ರತ್ ಬಳೆ ಅಂಗಡಿ ಇಟ್ಟು ಮೂವತ್ತು ವರ್ಷವಾಗುತ್ತ ಬಂತು. ಅವಳ ಗಿರಾಕಿಗಳಲ್ಲಿ ಸುಂದರಿಯದ್ದು ಬೇರೆಯೇ ರೀತಿ. ದೀಪಾವಳಿಗೆ ಎರಡು ದಿನ ಇರುವಾಗ ಬರುತ್ತಾಳೆ, ಒಂದು ಡಜನ್ ಹಸಿರು ಗಾಜಿನ ಬಳೆ ಕೇಳುತ್ತಾಳೆ, ತನ್ನ ಕೈಗೆ ಹಿಡಿದು ನೋಡುವುದಿಲ್ಲ. ಮೊದಮೊದಲು ಕೊಂಡದ್ದು ಕೂಸಿನ ಬಳೆ. ಆಮೇಲೆ ವರ್ಷ ವರ್ಷವೂ ಅಳತೆ ಸ್ವಲ್ಪ ಸ್ವಲ್ಪವೇ ದೊಡ್ಡದಾಗುತ್ತ ಹೋಯಿತು, ಹೆಣ್ಣುಮಕ್ಕಳ ಕೈ ಬೆಳೆಯುವ ಹಾಗೆಯೇ. ಹದಿನೆಂಟು ವರ್ಷ ಕಳೆದ ಮೇಲೆ ಅಳತೆ ಬೆಳೆಯುವುದು ನಿಂತಿತು.

“ಮಗಳು ದಪ್ಪ ಆಗ್ಲೇ ಇಲ್ಲ ಅಲ್ವಾ ಸುಂದರಿಯಕ್ಕ?” ಎಂದು ನುಸ್ರತ್ ಒಮ್ಮೆ ಕೇಳಿದ್ದಳು.

“ಎಲ್ಲಿ ದಪ್ಪ ಆಗ್ತಾಳೆ? ನನ್ನ ಹಾಗೆಯೇ ಸಪೂರ,” ಎಂದಿದ್ದಳು ಸುಂದರಿ.

ಆ ಮಗಳ ಹೆಸರು ಹರಿಣಾಕ್ಷಿ. ಒಂದೂವರೆ ವರ್ಷದವಳಿದ್ದಾಗ ಎರಡು ದಿನದ ಜ್ವರದಲ್ಲಿ ಹೋದವಳು.

ಇಷ್ಟು ಕೇಳಿ ಸುಂದರಿಗೆ ತಲೆ ಸರಿ ಇಲ್ಲ ಎಂದುಕೊಳ್ಳಬೇಡಿ. ಮೆಲ್ಕಾರಿನಿಂದ ಒಳಗೆ, ನೇತ್ರಾವತಿಯ ದಂಡೆಯ ಮೇಲೆ ಅವಳ ಮನೆ. ಮಡಿಲಲ್ಲಿ ಮೊರ ಇಟ್ಟುಕೊಂಡು ದಿನಕ್ಕೆ ಸಾವಿರ ಬೀಡಿ ಕಟ್ಟುತ್ತಾಳೆ. ಮಳೆಗಾಲ ಮುಗಿದು ಹೊಳೆ ಹಿಂದೆ ಸರಿದ ಮೇಲೆ ಅದು ಬಿಟ್ಟುಹೋದ ಮೆಕ್ಕಲಿನಲ್ಲಿ ಸೌತೆ, ಗೆಣಸು ಬೆಳೆಯುತ್ತಾಳೆ. ಊರಿನಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ, ಯಾರ ಮನೆಯಲ್ಲಿ ಗಂಡ ಹೆಂಡತಿ ಜಗಳವಾಡಿದರೂ ಮೊದಲು ಕರೆಯುವುದು ಅವಳನ್ನೇ. ಗಂಡ ಹುಕ್ರಪ್ಪ ಊರವರ ಗದ್ದೆಗೆಲ್ಲ ಟಿಲ್ಲರ್ ಹೊಡೆಯುವವನು. ಮಾತು ಕಡಿಮೆ. ಎರಡನೆಯ ಮಗಳು ವಿಸ್ಮಿತಾ ಮೆಲ್ಕಾರಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸಕ್ಕಿದ್ದಾಳೆ, ಕಾರು ಬಿಡಲು ಕಲಿತಿದ್ದಾಳೆ, ಅಮ್ಮನ ಮಾತಿಗೆ ಎದುರು ಮಾತಾಡಲೂ ಕಲಿತಿದ್ದಾಳೆ.

ಬಳೆಯ ವಿಷಯ ಹೀಗೆ. ತುಳುನಾಡಿನ ಎಷ್ಟೋ ಮನೆಗಳಲ್ಲಿ ಸತ್ತ ಕೂಸು ಕೂಸಾಗಿಯೇ ಉಳಿಯುವುದಿಲ್ಲ. ಆ ಕಡೆಯ ಲೋಕದಲ್ಲಿ ಅದೂ ಬೆಳೆಯುತ್ತದೆ, ಪ್ರಾಯಕ್ಕೆ ಬರುತ್ತದೆ. ಮದುವೆಯ ವಯಸ್ಸಾದಾಗ ಅದಕ್ಕೂ ಮದುವೆ ಮಾಡಬೇಕು. ಅದೇ ಥರ ಹೋದ ಇನ್ನೊಂದು ಮನೆಯ ಮಗುವನ್ನು ಹುಡುಕಿ, ಜಾತಿ ನೋಡಿ, ತಾಯಿಯಿಂದ ಬರುವ ವಂಶ ಒಂದೇ ಆಗದ ಹಾಗೆ ನೋಡಿ, ಸೀರೆ ಬಳೆ ಹೂವು ಎಲ್ಲ ಇಟ್ಟು ಧಾರೆ ಎರೆಯುತ್ತಾರೆ. ಮಾಡದಿದ್ದರೆ ಬದುಕಿರುವ ಒಡಹುಟ್ಟಿದವರ ಮದುವೆಗೆ ಅಡ್ಡಿ ಬರುತ್ತದೆ ಎಂಬ ನಂಬಿಕೆ. ಈ ಸಂಬಂಧ ಮಾತಾಡುವಾಗ ಒಂದು ಕಟ್ಟು ಉಂಟು: ‘ಸತ್ತ’ ಎಂಬ ಮಾತು ಯಾರ ಬಾಯಿಂದಲೂ ಬರಬಾರದು. ಹೇಗೆ ಹೋದದ್ದು, ಯಾವಾಗ ಹೋದದ್ದು ಎಂದು ಕೇಳಬಾರದು. ನಮ್ಮ ಹುಡುಗಿ, ನಿಮ್ಮ ಹುಡುಗ, ಇಷ್ಟು ಪ್ರಾಯ, ಅಷ್ಟೇ. ಸಾವಿನ ಸುದ್ದಿ ತೆಗೆದರೆ ಮದುಮಗಳಿಗೆ ಅವಮಾನ.

ವಿಸ್ಮಿತಾಳಿಗೆ ಬಂದ ನಾಲ್ಕು ಸಂಬಂಧ ಒಂದರ ಹಿಂದೊಂದು ಮುರಿದಾಗ ಸುಂದರಿ ಜೋಯಿಸರ ಹತ್ತಿರ ಹೋದಳು. ಅವರು ಕವಡೆ ಹರಡಿ, “ದೊಡ್ಡವಳು ಹಾಗೆಯೇ ಇದ್ದಾಳಲ್ಲ ಮಾರಾಯ್ತಿ,” ಎಂದರು. ಸುಂದರಿಗೆ ಬೇಸರವಾಗಲಿಲ್ಲ. ಯಾರೋ ಒಬ್ಬರು ಹರಿಣಾಕ್ಷಿಯನ್ನು ದೊಡ್ಡವಳು ಎಂದರಲ್ಲ!

ಸಿದ್ದಕಟ್ಟೆಯ ಶೇಷಪ್ಪ ಎರಡೂ ಬಗೆಯ ಸಂಬಂಧ ಕುದುರಿಸುತ್ತಾನೆ, ಇರುವವರದ್ದೂ ಹೋದವರದ್ದೂ, ಎಂದು ನೆರೆಮನೆಯವರು ಹೇಳಿ ಅವನ ನಂಬರ್ ಕೊಟ್ಟರು. ಸುಂದರಿ ಫೋನ್ ಮಾಡಿದಳು.

“ನಮ್ಮ ಹರಿಣಾಕ್ಷಿಗೆ ಒಂದು ಹುಡುಗ ಬೇಕಿತ್ತು ಶೇಷಪ್ಪಣ್ಣ. ಇಪ್ಪತ್ತೊಂಬತ್ತು ತುಂಬಿತು.”

“ಸ್ವಲ್ಪ ತಡ ಆಯ್ತಲ್ಲ. ಕಲಿತದ್ದು ಎಂತ?”

“ಕಲಿಯುವುದೆಂತ ಬಂತು, ಪಾಪ.”

“ಫೋಟೋ?”

“ಫೋಟೋ ಒಂದೂ ಇಲ್ಲ.”

“ಅದು ಪರವಾಗಿಲ್ಲ. ನನ್ನ ಕೈಯಲ್ಲಿ ಮೂಡುಬಿದಿರೆಯ ಒಬ್ಬ ಒಳ್ಳೆ ಹುಡುಗ ಇದ್ದಾನೆ. ಮೂವತ್ತನಾಲ್ಕು. ಅವರಿಗೂ ಗಡಿಬಿಡಿ ಉಂಟು. ಆಟಿ ಹತ್ತಿರ ಬಂತಲ್ಲ?”

“ಹೌದು ಹೌದು, ನಮಗೂ ಅದೇ,” ಎಂದಳು ಸುಂದರಿ. ಬದುಕಿರುವವರು ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಸುಮಾರಿನ ಜಡಿಮಳೆಯಲ್ಲಿ, ಮದುವೆಯ ಮಾತು ಆಡುವುದಿಲ್ಲ, ಅದಕ್ಕೆ ಮೊದಲೇ ಮುಗಿಸುತ್ತಾರೆ. ಹೋದವರ ಮದುವೆ ನಡೆಯುವುದೇ ಆಟಿಯಲ್ಲಿ. ಅವನು ಯಾವ ಗಡಿಬಿಡಿ ಹೇಳಿದ ಎಂದು ಇವಳು ಕೇಳಲಿಲ್ಲ. ಇವಳಿಗೆ ಯಾವ ಗಡಿಬಿಡಿ ಎಂದು ಅವನೂ ಕೇಳಲಿಲ್ಲ.

ಮೊದಲು ನಾವು ಬಂದು ಹುಡುಗನ ಮನೆ ನೋಡುತ್ತೇವೆ ಎಂದಳು ಸುಂದರಿ. ಮಗಳು ಹೋಗಿ ಸೇರುವ ಮನೆ ಹೇಗುಂಟು ಎಂದು ತಾಯಿ ನೋಡದಿದ್ದರೆ ಆದೀತೇ? ಸರಿ, ಆದಿತ್ಯವಾರಕ್ಕೆ ಆಯಿತು.

ಹುಡುಗನ ಫೋಟೋ ಮಾತ್ರ ವಿಸ್ಮಿತಾಳ ಫೋನಿಗೆ ಬಂತು. ಹೆಸರು ಜಯಪ್ರಕಾಶ್. ಬೈಕಿಗೆ ಒರಗಿ ನಿಂತಿದ್ದಾನೆ. ಕೆನ್ನೆಯಲ್ಲಿ ಗುಳಿ. ಸುಂದರಿ ಅದನ್ನು ನೋಡಿ ಬೀಡಿಯ ಮೊರವನ್ನು ಬದಿಗಿಟ್ಟಳು. “ಇಷ್ಟು ಬೆಳೆದವನು,” ಎಂದಳು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಅವಳು ಅಡುಗೆಮನೆಯ ಮೂಲೆಯಲ್ಲಿ ಬಾಳೆಯೆಲೆ ಹಾಸಿ, ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಬಡಿಸಿದಳು. “ಹರಿಣಾಕ್ಷೀ, ನಿನಗೊಬ್ಬ ಹುಡುಗನನ್ನು ನೋಡಿದ್ದೇವೆ. ಜಯಪ್ರಕಾಶ್ ಅಂತ ಹೆಸರು,” ಎಂದು ಮೂರು ಸಲ ಹೇಳಿದಳು. ಮೂರು ಸಲ ಹೇಳಿದರೆ ಅದು ಆ ಲೋಕದ ನಿಶ್ಚಿತಾರ್ಥ. ಹುಡುಗಿ ಆ ಹೆಸರನ್ನು ಹಿಡಿದುಕೊಳ್ಳುತ್ತಾಳೆ, ಅವನಿಗಾಗಿ ಕಾಯುತ್ತಾಳೆ. ಸಾಧಾರಣವಾಗಿ ಎರಡೂ ಮನೆಯವರು ಕೂತು ಮಾತು ಮುಗಿದ ಮೇಲೆಯೇ ಹೇಳುವುದು. ಸುಂದರಿಗೆ ತಡೆಯಲಾಗಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಮಗಳಿಗೆ ಹೇಳಲು ಸಿಕ್ಕಿದ ಒಂದು ಸಂತೋಷದ ಸುದ್ದಿ ಅದು.

ಆದಿತ್ಯವಾರ ಬೆಳಿಗ್ಗೆ ವಿಸ್ಮಿತಾ ಗೆಳತಿಯ ಆಲ್ಟೋ ತಂದಳು. ಮುಂದೆ ಹುಕ್ರಪ್ಪ ಕೂತ. ಹಿಂದೆ ಸುಂದರಿ, ಮಡಿಲಲ್ಲಿ ಹರಿಣಾಕ್ಷಿಯ ಧಾರೆಗೆಂದು ತೆಗೆದಿಟ್ಟ ಹಸಿರು ಸೀರೆಯ ಕಟ್ಟು. ಮೆಲ್ಕಾರ್ ಜಂಕ್ಷನ್ ದಾಟಿ ಹೈವೇಗೆ ಬಂದರು. ಪಾಣೆಮಂಗಳೂರಿನ ಸೇತುವೆಯ ಮೇಲೆ ವಿಸ್ಮಿತಾ ನಿಧಾನ ಮಾಡಿದಳು. ಕೆಳಗೆ ನೇತ್ರಾವತಿ ಕೆಂಪಾಗಿ ಅಗಲವಾಗಿ ಹರಿಯುತ್ತಿತ್ತು, ದಂಡೆಯ ಗದ್ದೆಗಳಿಗೂ ಹೊಳೆಗೂ ನಡುವೆ ಒಂದು ಗೇಣು ಮಣ್ಣು. ಸುಂದರಿ ಕೈ ಮುಗಿದಳು. ಬಿ.ಸಿ. ರೋಡಿನ ಗದ್ದಲ ಕಳೆದು, ಬಂಟ್ವಾಳ ಕಳೆದು, ಸೊರ್ನಾಡು ಬಂತು. ರಾಯಿ ದಾಟಿದ ಮೇಲೆ ಎರಡೂ ಕಡೆ ಬಯಲು ಬಿಚ್ಚಿಕೊಂಡಿತು. ಆ ದಿನ ಮಳೆ ಬಿಟ್ಟಿತ್ತು. ಉತ್ತ ಗದ್ದೆಯಲ್ಲಿ ನೀರು ನಿಂತು ಮೋಡ ಕಾಣುತ್ತಿತ್ತು, ಹೆಂಗಸರು ಸಾಲು ಹಿಡಿದು ನೇಜಿ ನೆಡುತ್ತಿದ್ದರು, ಕೊಕ್ಕರೆಗಳು ಟಿಲ್ಲರಿನ ಬೆನ್ನು ಹತ್ತಿ ನಡೆಯುತ್ತಿದ್ದವು.

“ಉತ್ತದ್ದು ನೋಡು. ಅಡ್ಡಾದಿಡ್ಡಿ,” ಎಂದ ಹುಕ್ರಪ್ಪ. ಹೊರಟ ಮೇಲೆ ಅವನ ಮೊದಲ ಮಾತು. “ಕಲಿತವನಲ್ಲ ಅವ.”

“ಅಪ್ಪ, ಮದುವೆ ಮಾತಿಗೆ ಹೋಗ್ತಾ ಇದ್ದೇವೆ. ಬೇರೆಯವರ ಗದ್ದೆಗೆ ಮಾರ್ಕು ಕೊಡ್ಲಿಕ್ಕೆ ಅಲ್ಲ.”

“ಗದ್ದೆ ನೋಡಿದರೆ ಮನೆ ಗೊತ್ತಾಗ್ತದೆ.”

ಸುಂದರಿ ಅವರ ಮಾತು ಕೇಳುತ್ತಿರಲಿಲ್ಲ. ಮಗಳ ಫೋನು ಈಸಿಕೊಂಡು ಆ ಫೋಟೋವನ್ನೇ ನೋಡುತ್ತಿದ್ದಳು. “ವಿಸ್ಮೀ, ಅವನ ಅಮ್ಮನ ಹತ್ತಿರ ನಾನು ಎಂತ ಹೇಳುವುದು?”

“ಎಂತ ಹೇಳುವುದು ಅಂದ್ರೆ?”

“ನನ್ನದು ಒಂದೂವರೆ ವರ್ಷ. ಎತ್ತಿಕೊಂಡದ್ದು ಬಿಟ್ಟರೆ ನೆನಪು ಹೆಚ್ಚು ಇಲ್ಲ. ಆ ಹೆಂಗಸು ಇಷ್ಟುದ್ದ ಸಾಕಿ, ಶಾಲೆಗೆ ಕಳಿಸಿ, ಕೆಲಸಕ್ಕೆ ಹಚ್ಚಿ… ಹೇಗೆ ಇದ್ದಾಳೋ ಬದುಕಿ. ನಾನು ಹೋಗಿ ಅವಳ ಮುಖ ಹೇಗೆ ನೋಡುವುದು?”

ವಿಸ್ಮಿತಾ ಕನ್ನಡಿಯಲ್ಲಿ ಅಮ್ಮನನ್ನು ನೋಡಿದಳು. “ಬೈಕಲ್ಲಿಯೇ ಹೋದದ್ದಿರಬೇಕು,” ಎಂದಳು ಮೆಲ್ಲ.

“ಶ್! ಹಾಗೆಲ್ಲ ಹೇಳಬಾರದು. ನೀನು ನಿಧಾನ ಬಿಡು.”

ಫಲ್ಗುಣಿ ಹೊಳೆಯ ಸೇತುವೆ ದಾಟುವಾಗಲೂ ಸುಂದರಿ ಸೆರಗಿನಿಂದ ಕಣ್ಣು ಒರೆಸುತ್ತಿದ್ದಳು. ಆ ದಾರಿಯ ಉದ್ದಕ್ಕೂ, ಒಂದು ಗಂಟೆ, ಅವಳು ಆ ಹುಡುಗನಿಗಾಗಿ ಅತ್ತಳು. ಅವನ ಅಮ್ಮನ ಪಾಲಿನ ಅಳುವನ್ನೂ ಸ್ವಲ್ಪ ಅತ್ತಳೇನೋ. ಹೊಳೆಯ ಬಯಲು ಹಿಂದೆ ಬಿದ್ದು, ರಸ್ತೆ ಏರಿ, ಮೂಡುಬಿದಿರೆ ಬಂತು. ಸಾವಿರ ಕಂಬದ ಬಸದಿ ನೋಡಲು ಬಂದ ಬಸ್ಸುಗಳು ಸಾಲಾಗಿ ನಿಂತಿದ್ದವು. ಜೈನಪೇಟೆಯ ಕಲ್ಲಿನ ಗೋಡೆಗಳ ನಡುವೆ ಕಾರು ಇಕ್ಕಟ್ಟಾಗಿ ನುಗ್ಗಿ, ಆ ಕಡೆಯ ಒಂದು ಓಣಿಯ ಕೊನೆಯಲ್ಲಿ ನಿಂತಿತು.

ಮನೆ ಸಣ್ಣದು, ಚೊಕ್ಕದು. ಅಂಗಳಕ್ಕೆ ಚಪ್ಪರ. ಬದಿಯಲ್ಲಿ ಬಿಚ್ಚಿಟ್ಟ ನೀರೆತ್ತುವ ಪಂಪುಗಳು. ಬಾಗಿಲಲ್ಲಿ ಶೇಷಪ್ಪ, ಎಪ್ಪತ್ತರ ಮುದುಕ, ಹಲ್ಲೆಲ್ಲ ತೋರಿಸಿ ನಿಂತಿದ್ದ. ಅವನ ಹಿಂದೆ ಮನೆಯ ಯಜಮಾನ ರುಕ್ಮಯ್ಯ. ಮತ್ತೆ ಅವನ ಹೆಂಡತಿ ವಾರಿಜ, ಇಸ್ತ್ರಿ ಮಾಡಿದ ಸೀರೆಯುಟ್ಟು, ತಲೆಗೆ ಮಲ್ಲಿಗೆ ಮುಡಿದು.

ಮಲ್ಲಿಗೆ ನೋಡಿ ಸುಂದರಿಗೆ ಒಂದು ಥರ ಆಯಿತು. ಮಗನನ್ನು ಕಳಕೊಂಡ ತಾಯಿ ಇಷ್ಟು ಬೇಗ ಹೂ ಮುಡಿಯುತ್ತಾಳಾ? ಇರಲಿ, ಅವನ ಮದುವೆಯ ಮಾತಲ್ಲವೇ, ಮನಸ್ಸು ಗಟ್ಟಿ ಮಾಡಿಕೊಂಡಿದ್ದಾಳೆ ಎಂದು ತಾನೇ ಸಮಾಧಾನ ಹೇಳಿಕೊಂಡಳು. ಹತ್ತಿರ ಹೋಗಿ ಅವಳ ಎರಡೂ ಕೈ ಹಿಡಿದು, “ಗಟ್ಟಿ ಇರಬೇಕು ವಾರಿಜಕ್ಕ. ನಾವು ಇದ್ದೇವೆ,” ಎಂದಳು.

“ಗಟ್ಟಿಯೇ ಇದ್ದೇನೆ. ಮೊಣಗಂಟು ಒಂದು ನೋಯ್ತದೆ, ಅಷ್ಟೇ,” ಎಂದಳು ವಾರಿಜ. ಅಷ್ಟರಲ್ಲಿ ಕಾರಿಗೆ ಬೀಗ ಹಾಕಿ ವಿಸ್ಮಿತಾ ಬಂದಳು. ವಾರಿಜಳ ಮುಖ ಅರಳಿತು. “ಓ, ಕರಕೊಂಡೇ ಬಂದಿರಾ! ನಾವು ಬಂದು ನೋಡುವ ಅಂತ ಇದ್ದೆವು. ಬಾ ಮಗಾ, ಬಾ ಹರಿಣಾಕ್ಷೀ.”

ಬದುಕಿರುವ ಮಗಳನ್ನು ಹೋದ ಮಗಳ ಹೆಸರಿನಿಂದ ಕರೆದದ್ದು ಕೇಳಿ ಹುಕ್ರಪ್ಪನ ಕೈ ತನ್ನಷ್ಟಕ್ಕೇ ವಿಸ್ಮಿತಾಳ ಹೆಗಲ ಮೇಲೆ ಹೋಯಿತು.

“ಇವಳು ಚಿಕ್ಕವಳು, ವಿಸ್ಮಿತಾ,” ಎಂದ.

“ಹಾಗಾ? ತಂಗಿಯಾ? ಕೂತುಕೊಳ್ಳಿ, ಕೂತುಕೊಳ್ಳಿ. ಜಯಪ್ರಕಾಶಾ, ನೀರು ತಾ!”

ಒಳಗಿನಿಂದ ಒಬ್ಬ ಬಂದ. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಬೆಲ್ಲದ ತಟ್ಟೆ. ನೇರ ಸುಂದರಿಯ ಮುಂದೆ ಬಗ್ಗಿದ. ಕೆನ್ನೆಯಲ್ಲಿ ಗುಳಿ.

ಸುಂದರಿ ತಂಬಿಗೆ ತೆಗೆದುಕೊಂಡಳು. ಕುಡಿದಳು. ಉಸಿರು ಬಿಡದೆ ಕುಡಿದಳು. ತಂಬಿಗೆ ಖಾಲಿಯಾದರೂ ಬಾಯಿಯಿಂದ ತೆಗೆಯಲಿಲ್ಲ. ತೆಗೆದರೆ ಆ ಮುಖ ಮತ್ತೆ ನೋಡಬೇಕಾಗುತ್ತದೆ. ಕೊನೆಗೆ ತೆಗೆದು, ಹೊರಬಾರದ ಸ್ವರದಲ್ಲಿ, “ಹುಡುಗನ ತಮ್ಮನಾ?” ಎಂದಳು.

“ತಮ್ಮ ಎಲ್ಲಿಂದ ಬಂದ? ಒಬ್ಬನೇ ಮಗ. ಇವನೇ ಹುಡುಗ,” ಎಂದ ಶೇಷಪ್ಪ ನಗುತ್ತ.

ಸುಂದರಿ ಕೈ ಚಾಚಿ ಅವನ ಮುಂಗೈ ಹಿಡಿದಳು. ಬಿಸಿ ಇತ್ತು. ಗ್ರೀಸಿನ ಕಪ್ಪು ಉಗುರಿನ ಸಂದಿಯಲ್ಲಿತ್ತು. ಮಣಿಕಟ್ಟಿನಲ್ಲಿ ನಾಡಿ ಟಕ ಟಕ ಹೊಡೆಯುತ್ತಿತ್ತು. ಅವಳು ಬಿಟ್ಟಳು, ಕೆಂಡ ಮುಟ್ಟಿದವಳ ಹಾಗೆ.

“ಅಯ್ಯೋ ದೇವರೇ. ಇವನು ಇದ್ದಾನೆ!”

“ಇದ್ದಾನೆ ಅಂದರೆ?” ಎಂದ ರುಕ್ಮಯ್ಯ.

ವಿಸ್ಮಿತಾ ಮೊದಲು ತಿಳಿದುಕೊಂಡಳು. “ಶೇಷಪ್ಪಜ್ಜ,” ಎಂದಳು ಸಾವಕಾಶ, “ನೀವು ನಮ್ಮ ಅಕ್ಕನ ವಿಷಯ ಇವರಿಗೆ ಎಂತ ಹೇಳಿದ್ದೀರಿ?”

“ಎಂತ ಹೇಳುವುದು? ಇಪ್ಪತ್ತೊಂಬತ್ತು, ಕಲಿತದ್ದಿಲ್ಲ, ಮನೆಯಲ್ಲೇ ಇದ್ದಾಳೆ…”

“ಅಕ್ಕ ತೀರಿಕೊಂಡು ಇಪ್ಪತ್ತೆಂಟು ವರ್ಷ ಆಯ್ತು ಅಜ್ಜಾ.”

ಸತ್ತವರ ಸುದ್ದಿ ಹೇಳಬಾರದು ಎಂಬ ಕಟ್ಟು ಆ ಹೊತ್ತು ಮುರಿಯಿತು. ಯಾರಿಗೂ ಅದು ನೆನಪಾಗಲಿಲ್ಲ. ಶೇಷಪ್ಪನ ಹಲ್ಲು ಮುಚ್ಚಿತು. ಪಕ್ಕದ ಕಂಬ ಹಿಡಿದು ಮೆಟ್ಟಿಲ ಮೇಲೆ ಕೂತ. “ನೀವು ಹೇಳಲಿಲ್ಲ,” ಎಂದ.

“ನೀವು ಕೇಳಲಿಲ್ಲ,” ಎಂದಳು ಸುಂದರಿ.

“ಕೇಳುವ ಕ್ರಮ ಇಲ್ಲವಲ್ಲ ಮಾರಾಯ್ತಿ!”

“ಹೇಳುವ ಕ್ರಮವೂ ಇಲ್ಲವಲ್ಲ!”

ವಾರಿಜ ಒಬ್ಬೊಬ್ಬರ ಮುಖ ನೋಡುತ್ತ ನಿಂತಿದ್ದಳು. ವಿಷಯ ಅವಳ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಇಳಿದಾಗ ಅವಳು ಮಗನ ಅಂಗಿ ಹಿಡಿದು ತನ್ನ ಬೆನ್ನ ಹಿಂದೆ ಎಳೆದುಕೊಂಡಳು, ನಾಯಿ ಬಂದಾಗ ಮಗುವನ್ನು ಎಳೆದುಕೊಳ್ಳುವ ಹಾಗೆ. ಆರಡಿಯ ಗಂಡು ಅವಳ ಬೆನ್ನ ಹಿಂದೆ ಬಗ್ಗಿ ನಿಂತ.

“ನನ್ನ ಮಗನನ್ನು ಸತ್ತವಳಿಗೆ ಕೇಳ್ಲಿಕ್ಕೆ ಬಂದಿರಾ?”

“ಅಮ್ಮ, ನಾನು ಇಲ್ಲೇ ಇದ್ದೇನೆ, ಎಲ್ಲಿಗೂ ಹೋಗ್ಲಿಲ್ಲ,” ಎಂದ ಜಯಪ್ರಕಾಶ್. ಹೆದರಿಕೆಯಲ್ಲೇ ನಗಲು ನೋಡಿದ. “ಇಷ್ಟು ವರ್ಷದಲ್ಲಿ ಹನ್ನೊಂದು ಹುಡುಗಿಯರು ಪಂಪ್ ರಿಪೇರಿಯವ ಬೇಡ ಅಂದ್ರು. ಬೇಕು ಅಂದವಳು ಈ ಹರಿಣಾಕ್ಷಿ ಒಬ್ಬಳೇ.”

ವಾರಿಜ ಹಿಂದೆ ತಿರುಗಿ ಅವನ ಕೆನ್ನೆಗೆ ಹೊಡೆದಳು. ಹೊಡೆದ ಕೈಯಿಂದಲೇ ಆ ಕೆನ್ನೆ ಸವರಿದಳು.

ಶೇಷಪ್ಪನಿಗೆ ಆಗಲೇ ದಾರಿ ಹೊಳೆದಿತ್ತು. ಜೀವಮಾನ ಪೂರ್ತಿ ಸಂಬಂಧ ಕುದುರಿಸಿದವನ ತಲೆ. “ಆದದ್ದು ಆಯ್ತು, ದೇವರು ಮಾಡಿದ್ದು ಅಂತ ಹೇಳುವ. ಇವನೂ ಇದ್ದಾನೆ, ತಂಗಿಯೂ ಇದ್ದಾಳೆ. ಹೇಗೂ ಕಾರು ಮಾಡಿ ಬಂದಾಗಿದೆ, ಇವರಿಬ್ಬರ ಮಾತು ಮುಗಿಸಿದ್ರೆ…”

“ಅಜ್ಜಾ, ನಾನು ಡ್ರೈವರ್ ಆಗಿ ಬಂದವಳು,” ಎಂದಳು ವಿಸ್ಮಿತಾ. ವಾರಿಜ ಮಾತ್ರ ವಿಸ್ಮಿತಾಳನ್ನು ಒಮ್ಮೆ ನೋಡಿದಳು. ಭಯದ ನಡುವೆಯೂ ತಾಯಿಯ ಆಸೆ ಒಂದಿಷ್ಟು ಕಣ್ಣು ತೆರೆಯಿತು.

“ಆಗುವುದಿಲ್ಲ,” ಎಂದಳು ಸುಂದರಿ. ಅವಳು ಅಂಗಳದ ನಡುವೆ ಹಾಗೆಯೇ ನಿಂತಿದ್ದಳು. “ಇವನ ಹೆಸರನ್ನು ನಾನು ದೊಡ್ಡವಳಿಗೆ ಹೇಳಿ ಆಗಿದೆ.”

ರುಕ್ಮಯ್ಯ ಕುರ್ಚಿಯಿಂದ ಎದ್ದ. “ಹೇಳಿ ಆಗಿದೆಯಾ? ಎಲೆ ಹಾಕಿಯಾ?”

“ಎಲೆ ಹಾಕಿ. ನಿನ್ನೆ ಮಧ್ಯಾಹ್ನ.”

“ಎಷ್ಟು ಸಲ?” ಎಂದಳು ವಾರಿಜ.

“ಮೂರು ಸಲ.”

ಈಗ ನಿಮಗೂ ಗೊತ್ತುಂಟು ಮೂರು ಸಲ ಎಂದರೆ ಏನೆಂದು. ನಂಬದವರು ನಗಬಹುದು. ಆ ಅಂಗಳದಲ್ಲಿ ನಗುವವರು ಇರಲಿಲ್ಲ. ವಿಸ್ಮಿತಾಳಂಥ ವಿಸ್ಮಿತಾಳೂ ತುಟಿ ಕಚ್ಚಿ ನಿಂತಿದ್ದಳು. ಸುಂದರಿಗೆ ಕಾಣುತ್ತಿದ್ದದ್ದು ಒಂದೇ: ಹಸಿರು ಬಳೆ ತೊಟ್ಟ ಸಪೂರ ಹುಡುಗಿಯೊಬ್ಬಳು ಆ ಕಡೆಯ ದಂಡೆಯಲ್ಲಿ ನಿಂತು ಜಯಪ್ರಕಾಶ್ ಬರುವುದನ್ನು ಕಾಯುತ್ತಿದ್ದಾಳೆ. ಅವನು ಅವಳ ಹತ್ತಿರ ಹೋಗಲು ಒಂದೇ ದಾರಿ. ಆ ದಾರಿಯನ್ನು ತೋರಿಸಿದವಳು ತಾನು. ಬರುವಾಗ ಒಂದು ಗಂಟೆ ಯಾರಿಗಾಗಿ ಅತ್ತಳೋ, ಅವನಿಗೆ ಆ ಸಾವನ್ನು ತಂದಿಟ್ಟವಳು ತಾನೇ.

“ಹೆಸರು ಹಿಂದೆ ತೆಗೆದುಕೊಳ್ಳಿ,” ಎಂದಳು ವಾರಿಜ. ಮೊದಲು ಗದರಿಸಿದಳು. ಆಮೇಲೆ ಕೈ ಮುಗಿದಳು. “ನಿಮ್ಮ ಕಾಲಿಗೆ ಬೀಳ್ತೇನೆ ಸುಂದರಿ. ನಿಮ್ಮ ಮಗಳು ನೀವು ಹೇಳಿದ್ದು ಕೇಳ್ತಾಳೆ. ತೆಗೆದುಕೊಳ್ಳಿ.”

ಹೇಳಿದ ಹೆಸರನ್ನು ಹಿಂದೆ ತೆಗೆದುಕೊಳ್ಳುವ ಕ್ರಮ ಯಾರಿಗೂ ಗೊತ್ತಿರಲಿಲ್ಲ. ಶೇಷಪ್ಪನೂ ಕಂಡವನಲ್ಲ. ಜೋಯಿಸರಿಗೆ ಫೋನ್ ಮಾಡುವ ಎಂದ ಹುಕ್ರಪ್ಪ. ಸುಂದರಿ ಬೇಡ ಎಂದಳು. ಹೇಳಿದವಳು ತಾನು, ಕೇಳಿದವಳು ಮಗಳು. ನಡುವೆ ಜೋಯಿಸರಿಗೆ ಏನು ಕೆಲಸ?

“ಒಂದು ಎಲೆ ಕೊಡಿ,” ಎಂದಳು.

ವಾರಿಜ ಎಲೆ ತಂದಳು. ಮದುಮಗಳ ಕಡೆಯವರಿಗೆಂದು ಬೆಳಿಗ್ಗೆಯಿಂದ ಮಾಡಿದ ಅಡುಗೆ ತಂದಳು: ಕೋಳಿ ಸಾರು, ನೀರುದೋಸೆ, ಹೆಸರುಬೇಳೆ ಪಾಯಸ. ಸುಂದರಿ ಅಂಗಳದ ನೆಲಕ್ಕೆ ನೀರು ಚಿಮುಕಿಸಿ, ಎಲೆ ಹಾಸಿ, ಒಂದೊಂದೇ ಬಡಿಸಿ, ಎದುರಿಗೆ ಕಾಲು ಮಡಚಿ ಕೂತಳು. ಜಯಪ್ರಕಾಶನನ್ನು ತನ್ನ ಹಿಂದೆ ಕೂರಲು ಹೇಳಿದಳು. ಕೂತ. ಅವನ ಹಿಂದೆ ವಾರಿಜ, ಅಂಗಿಯ ಚುಂಗು ಬಿಟ್ಟಿರಲಿಲ್ಲ.

“ಹರಿಣಾಕ್ಷೀ, ಬಾ ಮಗಾ. ಊಟ ಮಾಡು,” ಎಂದಳು ಸುಂದರಿ. ಎಂದಿನ ಸ್ವರ ಅದು, ಕೂಸನ್ನು ಕರೆಯುವ ಸ್ವರ. “ಅಮ್ಮನಿಗೆ ತಪ್ಪಿ ಹೋಯ್ತು. ನಿನ್ನೆ ಒಂದು ಹೆಸರು ಹೇಳಿದೆ ಅಲ್ವಾ, ಅದು ನಿನ್ನದಲ್ಲ. ಅದು ಈ ಮನೆಯದ್ದು. ಅಮ್ಮನಿಗೆ ಹಿಂದೆ ಕೊಡು.”

ಎಲೆಯ ಮೇಲೆ ಪಾಯಸ ಅಂಚಿಗೆ ಹರಿಯಿತು.

“ಅವನಿಗೆ ಅಮ್ಮ ಇದ್ದಾಳೆ, ಮೈ ಬಿಸಿ ಉಂಟು, ಮಾಡುವ ಕೆಲಸ ಉಂಟು. ನಿನಗೆ ಬೇರೆ ಹುಡುಕ್ತೇನೆ. ಕೊಡು.” ಎಲೆಯ ಕಡೆ ಕಿವಿ ಕೊಟ್ಟಳು. ಏನು ಕೇಳಿಸಿತೋ, ಏನು ಕೇಳಿಸಲಿಲ್ಲವೋ. ಅವಳ ಕುತ್ತಿಗೆಯ ನರ ಉಬ್ಬಿತು. “ಹಠ ಮಾಡ್ಬೇಡ. ಕೊಡು ಅಂದೆನಲ್ಲ! ಅಷ್ಟು ದೊಡ್ಡವಳಾಗಿ ಬೇರೆಯವರ ಮಕ್ಕಳನ್ನು ಹಿಡ್ಕೊಳ್ಳುವುದಾ? ಯಾರು ಕಲಿಸಿದ್ದು ನಿನಗೆ? ನಾನು ಕಲಿಸ್ಲಿಲ್ಲ! ನನಗೆ ಕಲಿಸ್ಲಿಕ್ಕೆ ನೀನು ಪುರುಸೊತ್ತು ಕೊಟ್ಟದ್ದುಂಟಾ? ಬಿಡು ಅವನನ್ನು! ಬಿಡು! ಇಲ್ಲದಿದ್ರೆ ಅಮ್ಮ ಇನ್ನು ಎಲೆ ಹಾಕುವುದಿಲ್ಲ, ಬಳೆ ತರುವುದಿಲ್ಲ, ನಿನ್ನನ್ನು ಹೆಸರು ಹಿಡಿದು ಕರೆಯುವುದೂ ಇಲ್ಲ!”

ಅದನ್ನು ಹೇಳಿದ ಮೇಲೆ ಅವಳಿಗೇ ಭಯವಾಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆ ಮಗುವನ್ನು ಅವಳು ಒಂದು ಸಲವೂ ಗದರಿಸಿದವಳಲ್ಲ. ಒಂದೂವರೆ ವರ್ಷದಲ್ಲಿ ಗದರಿಸುವಂಥದ್ದು ಏನೂ ನಡೆದಿರಲಿಲ್ಲ. ಹುಕ್ರಪ್ಪ ಎದ್ದು ಬಂದು ಅವಳ ಪಕ್ಕದಲ್ಲಿ, ನೆಲದ ಮೇಲೆ ಕೂತ. ಮದುವೆಯಾದ ಮೇಲೆ ನಾಲ್ಕು ಜನರ ಎದುರು ಅವನು ಹೆಂಡತಿಯ ಮೈ ಮುಟ್ಟಿದ್ದು ಅದೇ ಮೊದಲು. ಬೆನ್ನ ಮೇಲೆ ಕೈ ಇಟ್ಟು, ಎಲೆಯ ಕಡೆ ನೋಡುತ್ತ, “ಅಮ್ಮ ಹೇಳಿದ್ದು ಕೇಳು ಮಗಾ,” ಎಂದ.

ಆಮೇಲೆ ಸುಂದರಿ ಮೂರು ಸಲ, “ಜಯಪ್ರಕಾಶ್ ವಾರಿಜಕ್ಕನ ಮಗ,” ಎಂದಳು. ಎಲೆ ಮಡಚಿದಳು.

ವಾರಿಜ ಯಾರನ್ನೂ ಉಣ್ಣದೆ ಹೋಗಲು ಬಿಡಲಿಲ್ಲ. ಊಟ ಯಾರಿಗೂ ಸೇರಲಿಲ್ಲ, ಎಲ್ಲರೂ ಉಂಡರು. ಶೇಷಪ್ಪ ಎರಡು ಸಲ ಪಾಯಸ ಹಾಕಿಸಿಕೊಂಡದ್ದನ್ನು ವಿ‌ಸ್ಮಿತಾ ಇವತ್ತಿಗೂ ಹೇಳುತ್ತಾಳೆ. ಹೊರಡುವಾಗ ವಾರಿಜ ಸುಂದರಿಯ ನಂಬರ್ ಕೇಳಿ ಬರೆಸಿಕೊಂಡಳು. ಏಕೆ ಎಂದು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಆರೂವರೆಗೆ ಸುಂದರಿಯ ಫೋನ್ ಬಡಿಯಿತು.

“ಎದ್ದ,” ಎಂದಳು ವಾರಿಜ. ಫೋನ್ ಇಟ್ಟಳು.

ಅದರ ಮರುದಿನವೂ ಅಷ್ಟೇ. “ಎದ್ದ.” ಆಟಿ ಹಿಡಿಯಿತು. ಮಳೆ ಸುರಿಯಿತು, ಹೊಳೆ ಗದ್ದೆಗೆ ಬಂತು, ಇಳಿಯಿತು. ದಿನಾ ಬೆಳಿಗ್ಗೆ ಒಂದೇ ಮಾತು. ಸುಂದರಿ ಆರು ಗಂಟೆಗೇ ಒಲೆಯ ಹತ್ತಿರ ಫೋನ್ ಇಟ್ಟುಕೊಂಡು ಕೂರುತ್ತಿದ್ದಳು. ಒಂದು ದಿನ ಏಳಾಯಿತು, ಎಂಟಾಯಿತು, ಫೋನ್ ಬರಲಿಲ್ಲ. ಇವಳು ಮಾಡಿದರೆ ತೆಗೆಯುವವರಿಲ್ಲ. ಸುಂದರಿ ಚಪ್ಪಲಿ ಹಾಕಿ ಬಸ್ಸಿಗೆ ಹೊರಟೇ ಬಿಟ್ಟಿದ್ದಳು. ಮೆಲ್ಕಾರಿನಲ್ಲಿ ನಿಂತಿದ್ದಾಗ ವಾರಿಜ ಮಾಡಿದಳು: ಕರೆಂಟು ಇರಲಿಲ್ಲ, ಫೋನು ಸತ್ತಿತ್ತು. ಇಬ್ಬರೂ ಆಚೆ ಈಚೆ ಫೋನಿನಲ್ಲಿ ಅತ್ತರು. ಬಸ್ಸು ಕಂಡಕ್ಟರ್, “ಹತ್ತುವುದಾ ಅಕ್ಕ, ಇಲ್ವಾ?” ಎಂದು ಕೇಳಿ ಹೋದ.

ಆಟಿ ಮುಗಿಯಲು ಐದು ದಿನ ಇರುವಾಗ ವಾರಿಜ ‘ಎದ್ದ’ ಎನ್ನಲಿಲ್ಲ. “ಸುಂದರೀ, ಒಂದು ವಿಷಯ ಉಂಟು, ಕೂತುಕೊಂಡು ಕೇಳು,” ಎಂದಳು.

ಸುಂದರಿ ನಿಂತೇ ಇದ್ದಳು.

“ಇಲ್ಲೇ ಹತ್ತಿರ ಅಲಂಗಾರಿನಲ್ಲಿ ಒಂದು ಮನೆ. ನಾನು ನಿನ್ನೆ ಹೋಗಿ ನೋಡಿ ಬಂದೆ. ಹುಡುಗನಿಗೆ ಮೂವತ್ತೊಂದು ಆಗ್ತಿತ್ತು. ನಾಲ್ಕನೇ ವರ್ಷಕ್ಕೆ ಹೋದದ್ದು, ಕೆರೆಯಲ್ಲಿ. ಜಾತಿ ನಮ್ಮದೇ, ವಂಶ ನಿಮ್ಮದಕ್ಕೆ ಬೇರೆ. ಅತ್ತೆ ಆಗುವವಳು ಒಳ್ಳೆ ಹೆಂಗಸು, ನಿನ್ನ ಹಾಗೆಯೇ ಸ್ವಲ್ಪ ಬಾಯಿ ಜೋರು. ಕೇಳಬಾರದು ಅಂತ ಗೊತ್ತುಂಟು. ಆದರೂ ನಾನು ಬಾಯಿ ಬಿಟ್ಟು ಕೇಳಿದೆ, ‘ಸತ್ತದ್ದು ಹೌದಲ್ಲ?’ ಅಂತ. ಅವಳು ನನ್ನನ್ನು ಹೊಡೆಯದೆ ಬಿಟ್ಟದ್ದು ದೊಡ್ಡದು. ಆಮೇಲೆ ಎಲ್ಲ ಹೇಳಿದೆ. ಅವಳೂ ಅತ್ತಳು. ಶುಕ್ರವಾರಕ್ಕೆ ಬಾ. ಈ ಆಟಿಯಲ್ಲೇ ಮುಗಿಸುವ.”

ಸುಂದರಿ ಫೋನನ್ನು ಇನ್ನೊಂದು ಕಿವಿಗೆ ಇಟ್ಟುಕೊಂಡಳು.

“ಕೇಳಿತಾ? ಆಗ್ತದಾ?”

“ಅದು ಆಗ್ತದೆ,” ಎಂದಳು ಸುಂದರಿ. “ಅವನು ಎದ್ದನಾ ಇವತ್ತು?”

“ಯಾರು, ಜಯಪ್ರಕಾಶನಾ? ಎದ್ದ. ಬಾವಿಕಟ್ಟೆಯ ಹತ್ತಿರ ಹಲ್ಲು ಉಜ್ಜುತ್ತಾ ಇದ್ದಾನೆ. ಕರೀಬೇಕಾ?”

“ಬೇಡ,” ಎಂದಳು ಸುಂದರಿ. “ಉಜ್ಜಲಿ.”